ಚಿಮಣಿಯಲ್ಲಿ ಪಾದರಸ ಏರಿದಾಗ: ಆರ್ದ್ರ ಸ್ಕ್ರಬ್ಬರ್‌ನ ದೋಷ ಹುಡುಕುವ ಬಗೆ

ಕಲ್ಲಿದ್ದಲು ಸ್ಥಾವರದ ಹೊಗೆಯಿಂದ ಸಲ್ಫರ್ ಡೈಆಕ್ಸೈಡನ್ನು ಕಳೆಯಲು ಸುಣ್ಣಕಲ್ಲು ಬೆರೆತ ನೀರನ್ನು, ಅಂದರೆ ಸ್ಲರಿಯನ್ನು, ಸಿಂಪಡಿಸುವ ಗೋಪುರವೇ ಆರ್ದ್ರ ಸ್ಕ್ರಬ್ಬರ್; ಜಿಪ್ಸಂ ಅದರ ಉಪೋತ್ಪನ್ನ. ಸಲ್ಫರ್ ಡೈಆಕ್ಸೈಡ್ ಮಿತಿಯೊಳಗಿದೆ. ಸ್ಲರಿಯ ಪಿಎಚ್ 5.5ರ ಆಸುಪಾಸಿನಲ್ಲಿದೆ. ಪಂಪುಗಳಲ್ಲಿ ತಕರಾರಿಲ್ಲ, ಜಿಪ್ಸಂ ಗುಣಮಟ್ಟವೂ ಸರಿಯಾಗಿದೆ. ಚಿಮಣಿಯ ಪಾದರಸದ ಅಂಕಿ ಮಾತ್ರ ಏರುತ್ತಲೇ ಇದೆ. ಇಂಥ ಹೊತ್ತಿನಲ್ಲಿ ಮೊದಲು ಹೊಳೆಯುವ ಉಪಾಯವೆಂದರೆ ಸಲ್ಫೈಡ್ ಆಧಾರಿತ ರಾಸಾಯನಿಕವನ್ನು ತರಿಸಿ ಸ್ಲರಿಗೆ ಸೇರಿಸುವುದು. ಕೆಲವೊಮ್ಮೆ ಅಂಕಿ ಇಳಿಯುತ್ತದೆ, ಹಲವು ಬಾರಿ ಇಳಿಯುವುದಿಲ್ಲ. ಇಳಿದರೂ ಯಾಕೆ ಇಳಿಯಿತೆಂದು ಯಾರೂ ಹೇಳಲಾರದ ಕಾರಣ ಆ ರಾಸಾಯನಿಕವನ್ನು ನಿಲ್ಲಿಸುವ ಧೈರ್ಯ ಮುಂದೆ ಯಾರಿಗೂ ಬರುವುದಿಲ್ಲ.

ಡ್ರಮ್ಮಿನ ಮುಚ್ಚಳ ತೆಗೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕು. ಚಿಮಣಿಯಿಂದ ಹೋಗುತ್ತಿರುವ ಪಾದರಸ ನೀರಿಗೆ ಇಳಿಯಲಾರದೆ ನೇರವಾಗಿ ದಾಟಿ ಬಂದದ್ದೋ, ಅಥವಾ ನೀರಿಗೆ ಇಳಿದು ಮತ್ತೆ ಅನಿಲವಾಗಿ ಮೇಲೆದ್ದದ್ದೋ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಂಕಿ. ಆದರೆ ಮೊದಲನೆಯದರ ಕಾರಣ ಬಾಯ್ಲರ್ ಕಡೆಗಿದೆ, ಎರಡನೆಯದರ ಕಾರಣ ಸ್ಲರಿ ತೊಟ್ಟಿಯಲ್ಲಿದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಈ ಕೈಪಿಡಿಯ ಉಳಿದದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಪಾದರಸದ ಮೂರು ರೂಪಗಳು

ಕಲ್ಲಿದ್ದಲಿನಲ್ಲಿರುವ ಪಾದರಸ ಕುಲುಮೆಯ ಶಾಖದಲ್ಲಿ ಧಾತುರೂಪದ (ಬೇರೇನೊಂದಿಗೂ ಸೇರದ ಬರಿಯ ಪಾದರಸದ) ಆವಿಯಾಗಿ ಬಿಡುಗಡೆಯಾಗುತ್ತದೆ. ಅನಿಲ ತಣಿಯುತ್ತ ಬಂದಂತೆ ಅದರ ಒಂದು ಪಾಲು ಕ್ಲೋರಿನ್ ಜೊತೆ ಸೇರಿ ಮರ್ಕ್ಯುರಿಕ್ ಕ್ಲೋರೈಡ್ ಆಗುತ್ತದೆ. ಇದೇ ಉತ್ಕರ್ಷಿತ ಪಾದರಸ. ಇನ್ನೊಂದು ಪಾಲು ಹಾರುಬೂದಿಗೆ, ಅದರಲ್ಲೂ ಉರಿಯದೆ ಉಳಿದ ಇಂಗಾಲದ ಕಣಗಳಿಗೆ ಅಂಟಿಕೊಳ್ಳುತ್ತದೆ. ಬೂದಿಗೆ ಅಂಟಿದ್ದು ಇಎಸ್‌ಪಿ (ವಿದ್ಯುತ್ ಬಲದಿಂದ ಬೂದಿ ಹಿಡಿಯುವ ಯಂತ್ರ) ಅಥವಾ ಬ್ಯಾಗ್ ಫಿಲ್ಟರ್‌ನಲ್ಲಿ ಬೂದಿಯ ಜೊತೆಗೇ ಉಳಿದುಬಿಡುತ್ತದೆ. ಸ್ಕ್ರಬ್ಬರ್ ಬಾಗಿಲಿಗೆ ಬರುವುದು ಮುಖ್ಯವಾಗಿ ಮೊದಲ ಎರಡು ರೂಪಗಳು.

ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 70 ಗ್ರಾಂ ಮರ್ಕ್ಯುರಿಕ್ ಕ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಧಾತುರೂಪದ ಪಾದರಸವಾದರೆ ಲೀಟರಿಗೆ ಸುಮಾರು 60 ಮೈಕ್ರೋಗ್ರಾಂ ಅಷ್ಟೇ. ಹತ್ತು ಲಕ್ಷ ಪಟ್ಟಿಗೂ ಮೀರಿದ ಅಂತರ ಇದು. ಸುಸ್ಥಿತಿಯಲ್ಲಿರುವ ಸ್ಕ್ರಬ್ಬರ್ ಉತ್ಕರ್ಷಿತ ಪಾದರಸದ ಶೇ 90ಕ್ಕೂ ಹೆಚ್ಚಿನ ಪಾಲನ್ನು ಹಿಡಿಯುತ್ತದೆ, ಧಾತುರೂಪದ ಪಾದರಸವನ್ನು ಹೆಚ್ಚು ಕಡಿಮೆ ಹಾಗೆಯೇ ಬಿಟ್ಟುಬಿಡುತ್ತದೆ. ಎಷ್ಟು ಸ್ಪ್ರೇ ಪಂಪು ಹೆಚ್ಚಿಸಿದರೂ ಈ ಎರಡನೆಯದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಬಾರದು.

ಅಂಕಿ ನಿಜವೇ?

ದೋಷ ಹುಡುಕುವ ಮೊದಲು ಅಳತೆಯ ಉಪಕರಣವನ್ನು ಸಂಶಯದಿಂದ ನೋಡುವುದು ಒಳ್ಳೆಯದು. ಪಾದರಸದ ನಿರಂತರ ವಿಶ್ಲೇಷಕ ನೇರವಾಗಿ ಅಳೆಯುವುದು ಧಾತುರೂಪವನ್ನು ಮಾತ್ರ. ಉತ್ಕರ್ಷಿತ ಪಾದರಸವನ್ನು ಅದರೊಳಗಿನ ಕನ್ವರ್ಟರ್ ಧಾತುರೂಪಕ್ಕೆ ತಂದ ಮೇಲಷ್ಟೇ ಒಟ್ಟು ಪಾದರಸದ ಲೆಕ್ಕ ಸಿಗುತ್ತದೆ. ಕನ್ವರ್ಟರ್ ಸೋತರೆ ಒಟ್ಟು ಅಂಕಿ ಕಡಿಮೆ ತೋರುತ್ತದೆಯೇ ಹೊರತು ಹೆಚ್ಚು ತೋರುವುದಿಲ್ಲ. ಜೊತೆಗೆ ಉತ್ಕರ್ಷಿತ ಪಾದರಸ ಸೊನ್ನೆಯ ಹತ್ತಿರ ಇರುವಂತೆ ಕಾಣುತ್ತದೆ. 'ಹೊರಗೆ ಬರುತ್ತಿರುವುದೆಲ್ಲ ಧಾತುರೂಪವೇ' ಎಂಬ ತೀರ್ಮಾನಕ್ಕೆ ಬರುವ ಮುನ್ನ ಮರ್ಕ್ಯುರಿಕ್ ಕ್ಲೋರೈಡ್ ಅನಿಲವನ್ನು ಪ್ರೋಬ್‌ನಿಂದಲೇ ಹಾಯಿಸಿ ಇಡೀ ವ್ಯವಸ್ಥೆಯನ್ನು ಪರೀಕ್ಷಿಸಬೇಕು. ಧಾತುರೂಪದ ಅನಿಲದಿಂದ ಮಾತ್ರ ಕ್ಯಾಲಿಬ್ರೇಟ್ ಮಾಡಿದರೆ ಈ ದೋಷ ಎಂದೂ ಸಿಕ್ಕಿಬೀಳುವುದಿಲ್ಲ.

ಮಾದರಿ ಅನಿಲ ಬರುವ ಬಿಸಿ ಕೊಳವೆಯಲ್ಲಿ ಎಲ್ಲಾದರೂ ಒಂದು ಅಡಿ ತಣ್ಣಗಾಗಿದ್ದರೂ ಉತ್ಕರ್ಷಿತ ಪಾದರಸ ಅಲ್ಲಿ ಗೋಡೆಗೆ ಅಂಟುತ್ತದೆ. ಹೀಟರ್ ದುರಸ್ತಿಯಾದ ದಿನ ಅಂಟಿದ್ದೆಲ್ಲ ಒಮ್ಮೆಲೇ ಬಿಟ್ಟುಕೊಂಡು ಗಾಬರಿ ಹುಟ್ಟಿಸುವ ಏರಿಕೆ ಕಾಣಿಸುತ್ತದೆ. ಹಠಾತ್ ಏರಿಕೆ ಕಂಡರೆ ನಿರ್ವಹಣೆಯ ದಾಖಲೆ ಪುಸ್ತಕವನ್ನು ಮೊದಲು ತಿರುವಿ ನೋಡಿ. ಕಡಿಮೆ ಲೋಡ್‌ನಲ್ಲಿ, ಅಂದರೆ ವಿದ್ಯುತ್ ಉತ್ಪಾದನೆ ಕಡಿಮೆಯಿದ್ದಾಗ, ಅನಿಲದ ಆಮ್ಲಜನಕ ಹೆಚ್ಚುವುದರಿಂದ ಅಂಕಿಗಳು ತೆಳುವಾಗುತ್ತವೆ. ಎರಡು ಹೊತ್ತಿನ ಅಂಕಿಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಆಮ್ಲಜನಕ ಮಟ್ಟಕ್ಕೆ ತಂದುಕೊಳ್ಳಿ.

ಸಂಶಯ ಉಳಿದರೆ ಸಾರ್ಬೆಂಟ್ ಟ್ರ್ಯಾಪ್ (ಹಾಯುವ ಅನಿಲದ ಪಾದರಸವನ್ನು ಹೀರಿ ಹಿಡಿಯುವ ನಳಿಕೆ) ಹಾಕುವುದೇ ದಾರಿ. ಜೋಡಿ ಟ್ರ್ಯಾಪುಗಳು ಒಂದಕ್ಕೊಂದು ಹೊಂದಬೇಕು: ಘನ ಮೀಟರಿಗೆ 1 ಮೈಕ್ರೋಗ್ರಾಂಗಿಂತ ಹೆಚ್ಚಿದ್ದಾಗ ಸಾಪೇಕ್ಷ ವ್ಯತ್ಯಾಸ ಶೇ 10 ಮೀರಬಾರದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 30ಬಿ ವಿಧಾನದ ನಿಯಮ. ಇದೇ ವಿಧಾನದಲ್ಲಿ ಮೊದಲೇ ಸೇರಿಸಿದ ಗೊತ್ತಿರುವ ಪ್ರಮಾಣದ ಪಾದರಸ ಶೇ 85ರಿಂದ 115ರ ನಡುವೆ ಮರಳಿ ಸಿಗಬೇಕು. ಇನ್ನೊಂದು ಎಚ್ಚರ: ರೂಪಗಳನ್ನು ಬೇರ್ಪಡಿಸುವ ಆಂಟೇರಿಯೊ ಹೈಡ್ರೋ ವಿಧಾನವನ್ನು ಬೂದಿ ತುಂಬಿದ ಜಾಗದಲ್ಲಿ, ಅಂದರೆ ಇಎಸ್‌ಪಿಗೆ ಮುಂಚೆ, ಬಳಸಬೇಡಿ. ಫಿಲ್ಟರ್ ಮೇಲೆ ಕೂತ ಬೂದಿಯೇ ಧಾತುರೂಪವನ್ನು ಉತ್ಕರ್ಷಿಸಿ ಸುಳ್ಳು ಚಿತ್ರ ಕೊಡುತ್ತದೆ. ಸ್ಕ್ರಬ್ಬರ್‌ನ ಒಳಹೋಗುವ ದಾರಿ ಮತ್ತು ಹೊರಬರುವ ದಾರಿ, ಇವೆರಡೇ ಅಳತೆಯ ಸರಿಯಾದ ಸ್ಥಳಗಳು. ಎರಡೂ ಕಡೆ ಒಂದೇ ಹೊತ್ತಿಗೆ, ಒಂದೇ ಲೋಡ್‌ನಲ್ಲಿ ಅಳೆಯಬೇಕು.

ಒಂದು ಲೆಕ್ಕ

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಘಟಕ ಗಂಟೆಗೆ 300 ಟನ್ ಕಲ್ಲಿದ್ದಲು ಉರಿಸುತ್ತಿದೆ. ಪ್ರತಿ ಕಿಲೋಗೆ 0.1 ಮಿಲಿಗ್ರಾಂ ಪಾದರಸವಿದ್ದರೆ ಗಂಟೆಗೆ 30 ಗ್ರಾಂ. ಫ್ಲೂ ಅನಿಲ (ಬಾಯ್ಲರ್‌ನ ಹೊಗೆ) ಗಂಟೆಗೆ 20 ಲಕ್ಷ ನಾರ್ಮಲ್ ಘನ ಮೀಟರ್ ಎಂದಿಟ್ಟುಕೊಂಡರೆ ಘನ ಮೀಟರಿಗೆ 15 ಮೈಕ್ರೋಗ್ರಾಂ ಬರುತ್ತದೆ. ಲೆಕ್ಕ ಸರಳವಾಗಿರಲೆಂದು ಬೂದಿಗೆ ಹೋಗುವ ಪಾಲನ್ನು ಸದ್ಯಕ್ಕೆ ಬಿಡೋಣ.

ಸ್ಕ್ರಬ್ಬರ್ ಒಳಗೆ ಹೋಗುವಾಗ ಈ 15ರಲ್ಲಿ ಉತ್ಕರ್ಷಿತ 11, ಧಾತುರೂಪ 4. ಹೊರಗೆ ಬರುವಾಗ ಒಟ್ಟು 6, ಅದರಲ್ಲಿ ಉತ್ಕರ್ಷಿತ 0.5, ಧಾತುರೂಪ 5.5. ಈಗ ಗಮನಿಸಿ. ಉತ್ಕರ್ಷಿತದಲ್ಲಿ 10.5ನ್ನು ಸ್ಕ್ರಬ್ಬರ್ ಹಿಡಿದಿದೆ, ಅಂದರೆ ಶೇ 95ಕ್ಕೂ ಹೆಚ್ಚು. ಹೀರುವ ಕೆಲಸದಲ್ಲಿ ದೋಷವಿಲ್ಲ. ಆದರೆ ಒಳಗೆ ಹೋದ ಧಾತುರೂಪ 4, ಹೊರಗೆ ಬಂದದ್ದು 5.5. ಹೆಚ್ಚಿನ 1.5 ಎಲ್ಲಿಂದ ಬಂತು? ಸ್ಲರಿಯಿಂದಲೇ ಬರಬೇಕು. ನೀರಿಗೆ ಇಳಿದ ಪಾದರಸದ ಒಂದು ಪಾಲು ಅಪಕರ್ಷಣಗೊಂಡು, ಅಂದರೆ ಧಾತುರೂಪಕ್ಕೆ ಮರಳಿ, ಮತ್ತೆ ಆವಿಯಾಗಿದೆ. ಇದಕ್ಕೆ ಮರುಬಿಡುಗಡೆ ಎನ್ನೋಣ. ಹೊರಗಿನ ಧಾತುರೂಪ ಒಳಗಿನದಕ್ಕಿಂತ ಹೆಚ್ಚಾಗಿರುವುದೇ ಅದರ ಗುರುತು.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಮರುಬಿಡುಗಡೆಯನ್ನು ಪೂರ್ತಿ ನಿಲ್ಲಿಸಿದರೂ ಅಂಕಿ 6ರಿಂದ 4.5ಕ್ಕೆ ಇಳಿಯುತ್ತದೆ ಅಷ್ಟೇ. ಗುರಿ 2 ಆಗಿದ್ದರೆ ಯಾವ ರಾಸಾಯನಿಕವನ್ನು ಸ್ಲರಿಗೆ ಎಷ್ಟು ಸುರಿದರೂ ಅಲ್ಲಿಗೆ ಮುಟ್ಟಲಾಗದು. ಉಳಿದ 4 ಮೈಕ್ರೋಗ್ರಾಂಗೆ ಬಾಯ್ಲರ್ ಕಡೆಗೇ ಹೋಗಬೇಕು. ಈ ಸಣ್ಣ ಕೂಡು ಕಳೆಯುವ ಲೆಕ್ಕ ಮಾಡದೆ ಲಕ್ಷಗಟ್ಟಲೆ ವೆಚ್ಚದ ತೀರ್ಮಾನ ತೆಗೆದುಕೊಳ್ಳುವುದು ನನ್ನ ಮನಸ್ಸಿಗೆ ತೀರ ಸಂಕಟದ ಸಂಗತಿ.

ಒಳಗೇ ಧಾತುರೂಪ ಹೆಚ್ಚಿದ್ದರೆ

ಹೊರಗಿನ ಧಾತುರೂಪ ಒಳಗಿನದಕ್ಕೆ ಸಮವಾಗಿದ್ದು, ಆ ಒಳಗಿನ ಅಂಕಿಯೇ ಮೊದಲಿಗಿಂತ ಹೆಚ್ಚಿದ್ದರೆ ಸ್ಕ್ರಬ್ಬರ್ ನಿರ್ದೋಷಿ. ಮೊದಲು ಕಲ್ಲಿದ್ದಲನ್ನು ವಿಚಾರಿಸಿ. ಲಿಗ್ನೈಟ್ ಮತ್ತು ಸಬ್‌ಬಿಟುಮಿನಸ್ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಕಡಿಮೆ. ಅವುಗಳ ಬೂದಿಯಲ್ಲಿ ಸುಣ್ಣದ ಅಂಶ ಹೆಚ್ಚಾಗಿದ್ದರೆ ಇರುವ ಅಲ್ಪ ಹೈಡ್ರೋಜನ್ ಕ್ಲೋರೈಡನ್ನೂ ಅದು ನುಂಗಿಬಿಡುತ್ತದೆ. ಮಿಶ್ರಣದ ಅನುಪಾತ ಬದಲಾದ ದಿನಾಂಕವನ್ನೂ ಪಾದರಸ ಏರತೊಡಗಿದ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಸಲ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಕಲ್ಲಿದ್ದಲು ಬದಲಾಗಿಲ್ಲವೆಂದರೆ ಎಸ್‌ಸಿಆರ್, ಅಂದರೆ ಹೊಗೆಗೆ ಅಮೋನಿಯಾ ಬೆರೆಸಿ ವೇಗವರ್ಧಕದ ಪದರಗಳ ಮೂಲಕ ಹಾಯಿಸುವ ಘಟಕದ ಕಡೆ ತಿರುಗಿ. ನೈಟ್ರೋಜನ್ ಆಕ್ಸೈಡ್‌ಗಳನ್ನು ಕಳೆಯಲು ಇಟ್ಟ ಅದರ ವೇಗವರ್ಧಕ ಪಾದರಸವನ್ನೂ ಉತ್ಕರ್ಷಿಸುತ್ತದೆ. ಆದರೆ ಅಮೋನಿಯಾ ಇರುವ ತನಕ ವೇಗವರ್ಧಕದ ಮೇಲಿನ ಸಕ್ರಿಯ ಜಾಗಗಳಿಗಾಗಿ ಪೈಪೋಟಿ ನಡೆಯುತ್ತದೆ. ಹೀಗಾಗಿ ಪಾದರಸದ ಬಹುಪಾಲು ಕೆಲಸ ಅಮೋನಿಯಾ ಖಾಲಿಯಾಗುವ ಕೊನೆಯ ಪದರದಲ್ಲಿ ನಡೆಯುತ್ತದೆ. ವೇಗವರ್ಧಕ ಹಳತಾದಂತೆ ನೈಟ್ರೋಜನ್ ಆಕ್ಸೈಡ್ ಗುರಿ ಮುಟ್ಟಲು ಹೆಚ್ಚು ಅಮೋನಿಯಾ ಕೊಡುತ್ತ ಹೋಗುತ್ತೇವೆ, ಅಮೋನಿಯಾ ಕೊನೆಯ ಪದರದ ತನಕ ಉಳಿಯತೊಡಗುತ್ತದೆ, ಪಾದರಸದ ಉತ್ಕರ್ಷಣೆ ಸದ್ದಿಲ್ಲದೆ ಕುಸಿಯುತ್ತದೆ. ನೈಟ್ರೋಜನ್ ಆಕ್ಸೈಡ್‌ನ ಅಂಕಿ ಆಗಲೂ ಸರಿಯಾಗಿಯೇ ಇರುತ್ತದೆ! ಹಾಗಾಗಿ ನೋಡಬೇಕಾದದ್ದು ಅಮೋನಿಯಾ ಬಳಕೆಯ ತಿಂಗಳುಗಳ ಗ್ರಾಫ್ ಮತ್ತು ಹೊರಹೋಗುವ ಅಮೋನಿಯಾ. ಅನಿಲದ ಉಷ್ಣತೆ ಹೆಚ್ಚಿದಾಗಲೂ ಈ ಉತ್ಕರ್ಷಣೆ ತಗ್ಗುತ್ತದೆ. ಪೂರ್ಣ ಲೋಡ್‌ನಲ್ಲಿ ಪಾದರಸ ಹೆಚ್ಚು, ಅರ್ಧ ಲೋಡ್‌ನಲ್ಲಿ ಕಡಿಮೆ ಎಂಬ ವಿನ್ಯಾಸ ಒಳದಾರಿಯಲ್ಲೇ ಕಂಡರೆ ಇದನ್ನು ನೆನಪಿಡಿ.

ಮದ್ದು ಏನು? ಕ್ಲೋರಿನ್ ಹೆಚ್ಚಿರುವ ಕಲ್ಲಿದ್ದಲನ್ನು ಬೆರೆಸಬಹುದು, ವೇಗವರ್ಧಕದ ಕೊನೆಯ ಪದರವನ್ನು ಬದಲಿಸಬಹುದು ಅಥವಾ ಕಲ್ಲಿದ್ದಲಿಗೆ ಕ್ಯಾಲ್ಸಿಯಂ ಬ್ರೋಮೈಡ್ ದ್ರಾವಣ ಸಿಂಪಡಿಸಬಹುದು. ಬ್ರೋಮಿನ್ ಕ್ಲೋರಿನ್‌ಗಿಂತ ಬಹಳ ಚುರುಕಾಗಿ ಪಾದರಸವನ್ನು ಉತ್ಕರ್ಷಿಸುತ್ತದೆ. ಆದರೆ ಆ ಬ್ರೋಮಿನ್ ಕೊನೆಗೆ ಸ್ಕ್ರಬ್ಬರ್ ನೀರಿಗೇ ಬರುತ್ತದೆ, ಅಲ್ಲಿಂದ ತ್ಯಾಜ್ಯ ನೀರಿಗೆ ಹೋಗುತ್ತದೆ. ಕೆಳಗಿನ ಊರುಗಳಲ್ಲಿ ಅದೇ ನದಿಯ ನೀರನ್ನು ಶುದ್ಧೀಕರಿಸಿ ಕುಡಿಯುತ್ತಿದ್ದರೆ ಸೋಂಕು ನಿವಾರಣೆಯ ಹೊತ್ತಿಗೆ ಹಾನಿಕಾರಕ ಬ್ರೋಮಿನ್ ಸಂಯುಕ್ತಗಳು ಹುಟ್ಟಬಹುದು. ಹೊಗೆಯ ಶಾಖದಿಂದ ಗಾಳಿಯನ್ನು ಬಿಸಿಮಾಡುವ ಏರ್ ಪ್ರಿಹೀಟರ್‌ನ ತಣ್ಣನೆ ತುದಿಯಲ್ಲಿ ಸವೆತವೂ ಹೆಚ್ಚುತ್ತದೆ. ಗಾಳಿಯನ್ನು ಶುದ್ಧ ಮಾಡಲು ನೀರನ್ನು ಕೆಡಿಸುವುದು ನ್ಯಾಯವಲ್ಲ. ಎಷ್ಟು ಕಡಿಮೆ ಬ್ರೋಮೈಡ್‌ನಲ್ಲಿ ಕೆಲಸ ಆಗುತ್ತದೆಂದು ಹಂತ ಹಂತವಾಗಿ ಪರೀಕ್ಷಿಸಿ, ಅಲ್ಲಿಗೆ ನಿಲ್ಲಿಸಿ.

ನೀರಿಗೆ ಇಳಿದದ್ದು ಮೇಲೆದ್ದರೆ

ಇದು ಈ ವಿಷಯದ ಹೃದಯಭಾಗ. ಸ್ಲರಿಯಲ್ಲಿ ಕರಗಿದ ಪಾದರಸದ ಮುಂದೆ ಮೂರು ದಾರಿಗಳಿವೆ. ಘನ ಕಣಗಳಿಗೆ ಸೇರಿ ಅಲ್ಲೇ ಉಳಿಯಬಹುದು. ಕ್ಲೋರೈಡ್ ಜೊತೆ ಸಂಕೀರ್ಣವಾಗಿ ನೀರಿನಲ್ಲೇ ತೇಲುತ್ತಿರಬಹುದು. ಇಲ್ಲವೇ ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಹುಟ್ಟುವ ಸಲ್ಫೈಟ್ ಜೊತೆ ಸೇರಿ, ಆ ಮರ್ಕ್ಯುರಿಕ್ ಸಲ್ಫೈಟ್ ಒಡೆದು, ಸಲ್ಫೈಟ್ ಸಲ್ಫೇಟ್ ಆಗಿ, ಪಾದರಸ ಧಾತುರೂಪಕ್ಕೆ ಮರಳಿ ಅನಿಲಕ್ಕೆ ಹಾರಬಹುದು. ಮೂರನೆಯದೇ ನಮ್ಮ ದೋಷ. ಸಲ್ಫೈಟ್ ತುಂಬ ಹೆಚ್ಚಿದ್ದಾಗ ಎರಡು ಸಲ್ಫೈಟ್ ಅಯಾನುಗಳು ಒಂದು ಪಾದರಸವನ್ನು ಹಿಡಿದು ಸ್ವಲ್ಪ ಗಟ್ಟಿಯಾದ ಸಂಕೀರ್ಣವಾಗುತ್ತದೆ. ಅದಕ್ಕೇ 'ಸಲ್ಫೈಟ್ ಹೆಚ್ಚಾದಷ್ಟೂ ಮರುಬಿಡುಗಡೆ ಹೆಚ್ಚು' ಎಂಬ ಸರಳ ಸೂತ್ರ ಎಲ್ಲ ಕಡೆಯೂ ನಿಲ್ಲುವುದಿಲ್ಲ. ನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ ಒಡೆಯುವಿಕೆ ನಿಧಾನ, ಸ್ಲರಿ ಬಿಸಿಯಾದಷ್ಟೂ ವೇಗ.

ತೊಟ್ಟಿಯೊಳಗೆ ಇವುಗಳಲ್ಲಿ ಯಾವುದು ನಡೆಯುತ್ತಿದೆ ಎಂದು ತಿಳಿಸುವ ಸೂಚಕ ಓಆರ್‌ಪಿ, ಅಂದರೆ ಉತ್ಕರ್ಷಣ–ಅಪಕರ್ಷಣ ವಿಭವ. ಪಿಎಚ್ ಪರದೆಯನ್ನು ಗಂಟೆಗೊಮ್ಮೆ ನೋಡುವವರೂ ಓಆರ್‌ಪಿ ಪರದೆಯನ್ನು ನೋಡುವುದಿಲ್ಲ. ಎಷ್ಟೋ ಕಡೆ ಆ ಎಲೆಕ್ಟ್ರೋಡ್ ಜಿಪ್ಸಂ ಪೊರೆ ಕಟ್ಟಿಕೊಂಡು ಸತ್ತಿರುತ್ತದೆ, ಪರದೆಯ ಮೇಲೆ ನೇರ ಗೆರೆ ಎಳೆಯುತ್ತಿರುತ್ತದೆ. ಆ ನೇರ ಗೆರೆಯನ್ನು ಸ್ಥಿರತೆ ಎಂದು ಓದಬೇಡಿ. ಎಲೆಕ್ಟ್ರೋಡನ್ನು ಹೊರತೆಗೆದು, ದುರ್ಬಲ ಆಮ್ಲದಲ್ಲಿ ತೊಳೆದು, ಪ್ಲಾಟಿನಂ ತುದಿ ಹೊಳೆಯುವಂತೆ ಒರೆಸಿ, ವಿಭವ ಗೊತ್ತಿರುವ ಜೋಬೆಲ್ ಪರೀಕ್ಷಾ ದ್ರಾವಣದಲ್ಲಿ ಇಟ್ಟು ನೋಡಿ. ಬೆಳ್ಳಿ–ಬೆಳ್ಳಿ ಕ್ಲೋರೈಡ್ ಆಧಾರದ ಎಲೆಕ್ಟ್ರೋಡ್ ಆಗಿದ್ದರೆ 25 ಡಿಗ್ರಿಯಲ್ಲಿ ಸುಮಾರು 230 ಮಿಲಿವೋಲ್ಟ್ ತೋರಬೇಕು. ಹೈಡ್ರೋಜನ್ ಆಧಾರಕ್ಕೆ ಬದಲಿಸಿದರೆ ಅದೇ ಸುಮಾರು 430. ಈ 200 ಮಿಲಿವೋಲ್ಟ್ ವ್ಯತ್ಯಾಸವನ್ನು ಮರೆತು ಬೇರೆ ಸ್ಥಾವರದ ವರದಿಯ ಅಂಕಿಯನ್ನು ನಿಮ್ಮ ಪರದೆಗೆ ಹೋಲಿಸಿದರೆ ಇಡೀ ತರ್ಕ ತಲೆಕೆಳಗಾಗುತ್ತದೆ.

ಸುಣ್ಣಕಲ್ಲು ಬಳಸಿ, ಸಲ್ಫೈಟನ್ನು ಸಲ್ಫೇಟ್ ಮಾಡಲು ತೊಟ್ಟಿಗೆ ಗಾಳಿಯೂದುವ ಸ್ಕ್ರಬ್ಬರ್‌ಗಳಲ್ಲಿ, ಬೆಳ್ಳಿ–ಬೆಳ್ಳಿ ಕ್ಲೋರೈಡ್ ಅಳತೆಯಲ್ಲಿ 150ರಿಂದ 300 ಮಿಲಿವೋಲ್ಟ್ ಒಳ್ಳೆಯ ನಡುದಾರಿ ಎಂಬುದು ನನ್ನ ನಿಲುವು. 100ಕ್ಕಿಂತ ಕೆಳಗೆ ಇಳಿದರೆ ಸಲ್ಫೈಟ್ ಉಳಿದುಕೊಂಡಿದೆ ಎಂದರ್ಥ, ಮರುಬಿಡುಗಡೆಯ ಅಪಾಯವಿದೆ. 500 ದಾಟಿದರೆ ಪಾದರಸ ಘನ ಕಣಗಳನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ನೀರಿನಲ್ಲಿರುವುದು ಆ ಕ್ಷಣಕ್ಕೆ ಹಾರುವುದಿಲ್ಲ ನಿಜ, ಆದರೆ ಅದು ಸಾಲದಂತೆ ಬೆಳೆಯುತ್ತ ಹೋಗುತ್ತದೆ, ಒಂದು ದಿನ ಒಟ್ಟಿಗೆ ವಸೂಲಿಗೆ ಬರುತ್ತದೆ.

ಆ ದಿನ ಯಾವುದೆಂದರೆ ಲೋಡ್ ಏರುವ ದಿನ. ರಾತ್ರಿ ಬೇಡಿಕೆ ಕುಸಿದು ಘಟಕ ಅರ್ಧ ಲೋಡ್‌ಗೆ ಇಳಿಯುತ್ತದೆ. ಒಳಬರುವ ಸಲ್ಫರ್ ಡೈಆಕ್ಸೈಡ್ ಅರ್ಧವಾಗುತ್ತದೆ, ಆದರೆ ಉತ್ಕರ್ಷಣ ಗಾಳಿಯ ಬ್ಲೋವರ್‌ಗಳು ಮೊದಲಿನಷ್ಟೇ ಊದುತ್ತಿರುತ್ತವೆ. ಸಲ್ಫೈಟ್ ಪೂರ್ತಿ ಮುಗಿದು ಓಆರ್‌ಪಿ 500 ದಾಟಿ ಏರುತ್ತದೆ. ಘನ ಕಣಗಳಲ್ಲಿದ್ದ ಪಾದರಸ ನೀರಿಗೆ ಬರುತ್ತದೆ. ಬೆಳಿಗ್ಗೆ ಲೋಡ್ ಮೇಲೇರಿದಾಗ ಸಲ್ಫರ್ ಡೈಆಕ್ಸೈಡ್ ನುಗ್ಗುತ್ತದೆ, ಸಲ್ಫೈಟ್ ಮರಳಿ ಕಾಣಿಸಿಕೊಳ್ಳುತ್ತದೆ, ಓಆರ್‌ಪಿ ಕುಸಿಯುತ್ತದೆ. ಆಗ ನೀರಿನಲ್ಲಿ ಕರಗಿದ್ದ ಪಾದರಸ ಅಪಕರ್ಷಣಗೊಳ್ಳಲು ಸಿದ್ಧವಾಗಿ ಕೂತಿರುತ್ತದೆ. ಎಷ್ಟು ಪಾದರಸ? 3,000 ಘನ ಮೀಟರ್ ತೊಟ್ಟಿಯ ನೀರಿನಲ್ಲಿ ಲೀಟರಿಗೆ 200 ಮೈಕ್ರೋಗ್ರಾಂ ಇದೆ ಎಂದಿಟ್ಟುಕೊಂಡರೆ ಒಟ್ಟು 600 ಗ್ರಾಂ, ಅಂದರೆ ನಮ್ಮ ಉದಾಹರಣೆಯ ಕಲ್ಲಿದ್ದಲು 20 ಗಂಟೆಗಳಲ್ಲಿ ತರುವಷ್ಟು. ಅದರ ಹತ್ತನೇ ಒಂದು ಪಾಲು ಒಂದು ಗಂಟೆಯಲ್ಲಿ ಹಾರಿದರೂ ಚಿಮಣಿಯಲ್ಲಿ ಘನ ಮೀಟರಿಗೆ 30 ಮೈಕ್ರೋಗ್ರಾಂ ಹೆಚ್ಚುತ್ತದೆ. ಒಳಗೆ ಬರುತ್ತಿರುವುದೇ 15! ಒಳಗಿಗಿಂತ ಹೊರಗೆ ಹೆಚ್ಚು ಕಂಡಾಗ ವಿಶ್ಲೇಷಕ ಕೆಟ್ಟಿದೆ ಎಂದು ಆ ಅಂಕಿಯನ್ನು ಅಳಿಸಿಬಿಡುವ ಆತುರ ಬೇಡ. ಅದು ನಿಜವಾಗಿಯೂ ನಡೆಯಬಲ್ಲದು.

ಈ ವಿನ್ಯಾಸವನ್ನು ಖಚಿತಪಡಿಸಿಕೊಳ್ಳಲು ಲೋಡ್, ಓಆರ್‌ಪಿ, ಹೊರಗಿನ ಪಾದರಸ ಈ ಮೂರನ್ನೂ ಒಂದೇ ಕಾಲರೇಖೆಯ ಮೇಲೆ ಇಟ್ಟು ಒಂದು ವಾರದ ಗ್ರಾಫ್ ತೆಗೆಯಿರಿ. ಓಆರ್‌ಪಿ ಬೀಳುವ ಹೊತ್ತಿಗೇ ಪಾದರಸ ಏಳುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಮದ್ದೂ ಅಷ್ಟೇ ಸರಳ: ಲೋಡ್ ಇಳಿದಾಗ ಗಾಳಿಯನ್ನೂ ಇಳಿಸುವುದು. ಬ್ಲೋವರ್‌ಗೆ ವೇಗ ನಿಯಂತ್ರಣ ಇಲ್ಲದಿದ್ದರೆ ಒಂದನ್ನು ನಿಲ್ಲಿಸಬಹುದು. ಆದರೆ ಗಾಳಿ ನಿಂತ ಕೊಳವೆಯ ಬಾಯಿಗೆ ಸ್ಲರಿ ನುಗ್ಗಿ ಕಟ್ಟಿಕೊಳ್ಳದಂತೆ ನೀರು ಹಾಯಿಸುತ್ತಿರಬೇಕು. ಓಆರ್‌ಪಿಯನ್ನು ಒಮ್ಮೆಲೇ ಇಳಿಸದೆ ಮೆಲ್ಲಗೆ ತನ್ನಿ.

ಓಆರ್‌ಪಿ ಸದಾ ಕೆಳಗೇ ಇದ್ದರೆ ಕಥೆ ಬೇರೆ. ಗಾಳಿ ಸಾಲುತ್ತಿಲ್ಲ. ಬ್ಲೋವರ್‌ನಿಂದ ಹೊರಹೋಗುವ ಒತ್ತಡ ಹೆಚ್ಚು ಎಂದಾದರೆ ತೊಟ್ಟಿಯೊಳಗಿನ ಗಾಳಿ ಕೊಳವೆಗಳು ಕಟ್ಟಿವೆ. ಆ ಒತ್ತಡ ಕಡಿಮೆಯೆಂದರೆ ಕೊಳವೆ ಎಲ್ಲೋ ಮುರಿದು ಗಾಳಿ ಮೇಲೇ ತಪ್ಪಿಸಿಕೊಳ್ಳುತ್ತಿರಬಹುದು, ಇಲ್ಲವೇ ಬ್ಲೋವರ್‌ನ ಒಳಗಿನ ಫಿಲ್ಟರ್ ಕಟ್ಟಿರಬಹುದು. ಕಲಕುವ ಯಂತ್ರಗಳಲ್ಲಿ ಒಂದು ನಿಂತಿದ್ದರೂ ಗಾಳಿಯ ಗುಳ್ಳೆಗಳು ಹರಡದೆ ಒಂದೇ ಮೂಲೆಯಲ್ಲಿ ಏಳುತ್ತವೆ. ಸಲ್ಫೈಟ್ ಇದೆಯೇ ಎಂದು ಅಯೋಡಿನ್ ಟೈಟ್ರೇಷನ್‌ನಿಂದ ನೋಡಿ. ಸ್ಲರಿ ಮಾದರಿಯನ್ನು ತೊಟ್ಟಿಯ ಪಕ್ಕದಲ್ಲೇ ಅಳೆದಿಟ್ಟ ಅಯೋಡಿನ್ ದ್ರಾವಣಕ್ಕೆ ಹಾಕಬೇಕು. ಪ್ರಯೋಗಾಲಯದ ತನಕ ಒಯ್ದರೆ ದಾರಿಯಲ್ಲೇ ಗಾಳಿಯ ಆಮ್ಲಜನಕ ಸಲ್ಫೈಟನ್ನು ಮುಗಿಸಿರುತ್ತದೆ, ವರದಿಯಲ್ಲಿ ಸೊನ್ನೆ ಬರುತ್ತದೆ.

ಪಾದರಸದ ಮಾದರಿಗೂ ಇದೇ ಆತುರ ಬೇಕು. ನೀರು ಮತ್ತು ಘನಗಳ ನಡುವೆ ಪಾದರಸ ಹೇಗೆ ಹಂಚಿದೆ ಎಂದು ತಿಳಿಯಬೇಕಾದರೆ ಸ್ಲರಿಯನ್ನು ಅಲ್ಲೇ, ಬಿಸಿಯಿರುವಾಗಲೇ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಸೋಸಿದ ನೀರಿಗೆ ಸಂರಕ್ಷಕ ಸೇರಿಸಿ, ಗಾಜು ಅಥವಾ ಟೆಫ್ಲಾನ್ ಬಾಟಲಿಯಲ್ಲಿ ಬಾಯಿ ಮಟ್ಟ ತುಂಬಿಸಿ ಮುಚ್ಚಬೇಕು. ಪಾಲಿಥೀನ್ ಬಾಟಲಿಯ ಗೋಡೆಯ ಮೂಲಕ ಪಾದರಸದ ಆವಿ ದಾಟಬಲ್ಲದು. ಮರುದಿನ ಸೋಸಿದ ಮಾದರಿಯ ಫಲಿತಾಂಶವನ್ನು ನಾನು ನೋಡುವುದೇ ಇಲ್ಲ, ಅದು ತೊಟ್ಟಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಉತ್ಕರ್ಷಿತ ಪಾದರಸವೇ ಏರಿದರೆ

ಹೊರಗೆ ಉತ್ಕರ್ಷಿತ ಪಾದರಸವೇ ಹೆಚ್ಚಾಗಿದ್ದರೆ ಅನಿಲ ಮತ್ತು ಸ್ಲರಿಯ ಸಂಪರ್ಕದಲ್ಲಿ ದೋಷವಿದೆ, ಅಥವಾ ಕಚ್ಚಾ ಅನಿಲ ಎಲ್ಲೋ ಸೋರಿ ಶುದ್ಧ ಅನಿಲಕ್ಕೆ ಸೇರುತ್ತಿದೆ. ಆಗ ಸಲ್ಫರ್ ಡೈಆಕ್ಸೈಡ್ ಕೂಡ ಏರಿರಬೇಕು. ಕಚ್ಚಾ ಅನಿಲದ ಶಾಖವನ್ನು ಶುದ್ಧ ಅನಿಲಕ್ಕೆ ಕೊಡುವ ತಿರುಗುವ ಗ್ಯಾಸ್ ಹೀಟರ್‌ನ ಸೀಲುಗಳಲ್ಲಿ ಶೇ 2 ಸೋರಿದರೆ ನಮ್ಮ ಉದಾಹರಣೆಯಲ್ಲಿ ಪಾದರಸ ಸುಮಾರು 0.2 ಮೈಕ್ರೋಗ್ರಾಂ ಹೆಚ್ಚುತ್ತದೆ. ಕಚ್ಚಾ ಅನಿಲದಲ್ಲಿ 3,000 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಇದ್ದರೆ ಅದೂ ಸುಮಾರು 60 ಮಿಲಿಗ್ರಾಂ ಹೆಚ್ಚುತ್ತದೆ. ಬೈಪಾಸ್ ಡ್ಯಾಂಪರ್, ಕಟ್ಟಿದ ಸ್ಪ್ರೇ ನಾಜಲ್‌ಗಳು, ಸವೆದ ಪಂಪ್ ಇಂಪೆಲ್ಲರ್ ಇವನ್ನೆಲ್ಲ ನೋಡಬೇಕು. ಒಂದು ಸುಳಿವು: ಮರ್ಕ್ಯುರಿಕ್ ಕ್ಲೋರೈಡ್ ಕರಗಲು ಕ್ಷಾರ ಬೇಕಿಲ್ಲ. ಸುಣ್ಣಕಲ್ಲು ಹೆಚ್ಚಿಸಿದಾಗ ಸಲ್ಫರ್ ಡೈಆಕ್ಸೈಡ್ ಇಳಿದು ಉತ್ಕರ್ಷಿತ ಪಾದರಸ ಇಳಿಯದಿದ್ದರೆ ರಸಾಯನದ ಕೊರತೆಯನ್ನು ಬಿಟ್ಟು ಸಂಪರ್ಕದ ಕೊರತೆಯನ್ನು ಹುಡುಕಿ.

ಶುದ್ಧ ಅನಿಲದ ಜೊತೆ ಹೋಗುವ ಹನಿಗಳನ್ನು ತಡೆಯುವ ಮಿಸ್ಟ್ ಎಲಿಮಿನೇಟರ್‌ನಿಂದ ಹಾರುವ ಹನಿಗಳ ಮೇಲೆ ಅನುಮಾನ ಪಡುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಘನ ಮೀಟರಿಗೆ 50 ಮಿಲಿಗ್ರಾಂ ಹನಿ, ಅದರಲ್ಲಿ ಲೀಟರಿಗೆ 200 ಮೈಕ್ರೋಗ್ರಾಂ ಪಾದರಸ. ಬರುವುದು 0.01 ಮೈಕ್ರೋಗ್ರಾಂ. ಎಲಿಮಿನೇಟರನ್ನು ಬೇರೆ ಕಾರಣಗಳಿಗಾಗಿ ತೊಳೆಯಿರಿ, ಪಾದರಸಕ್ಕಾಗಿ ಘಟಕ ನಿಲ್ಲಿಸಬೇಡಿ.

ಹಿಡಿದ ಪಾದರಸ ಎಲ್ಲಿಗೆ ಹೋಗುತ್ತಿದೆ?

ಈ ಭಾಗವನ್ನು ಬಹಳಷ್ಟು ಮಂದಿ ಕೇಳುವುದೇ ಇಲ್ಲ. ಸ್ಲರಿಯ ಘನಗಳಲ್ಲಿ ಪಾದರಸ ದೊಡ್ಡ ಜಿಪ್ಸಂ ಹರಳುಗಳಿಗಿಂತ ನುಣ್ಣನೆಯ ಕಣಗಳಿಗೆ, ಅಂದರೆ ಕಬ್ಬಿಣದ ಅಂಶ, ಹಾರುಬೂದಿ, ಇಂಗಾಲ ಇರುವ ಕಣಗಳಿಗೆ, ಹೆಚ್ಚು ಅಂಟುತ್ತದೆ. ಸ್ಲರಿಯನ್ನು ಸುಳಿಯಂತೆ ತಿರುಗಿಸುವ ಹೈಡ್ರೋಸೈಕ್ಲೋನ್ ಈ ನುಣ್ಣನೆಯ ಕಣಗಳನ್ನು ಮೇಲ್ಹರಿವಿನಲ್ಲಿ ಬೇರ್ಪಡಿಸುತ್ತದೆ, ಆ ಮೇಲ್ಹರಿವಿನ ಬಹುಪಾಲು ಮತ್ತೆ ಸ್ಕ್ರಬ್ಬರ್‌ಗೇ ಮರಳುತ್ತದೆ. ನೀರು ಉಳಿಸಲು ಪರ್ಜ್, ಅಂದರೆ ತೊಟ್ಟಿಯಿಂದ ಹೊರಬಿಡುವ ತ್ಯಾಜ್ಯ ನೀರು, ಕಡಿಮೆ ಮಾಡಿದರೆ ಪಾದರಸ ಹೊರಹೋಗುವ ಬಾಗಿಲೇ ಮುಚ್ಚಿದಂತೆ. ಪರ್ಜ್ ದರ ಇಳಿಸಿ ಕೆಲವು ದಿನಗಳಾದ ಮೇಲೆ ಪಾದರಸ ನಿಧಾನವಾಗಿ ಏರಿದ್ದರೆ ಅಲ್ಲಿ ಕೈ ಹಾಕಿ.

ಓಆರ್‌ಪಿ ಹೆಚ್ಚಿದ್ದಾಗ ಇನ್ನೂ ಎರಡು ತೊಂದರೆಗಳು ಜೊತೆಗೇ ಬರುತ್ತವೆ. ಸೆಲೆನಿಯಂ ಸೆಲೆನೇಟ್ ಆಗಿ ಬದಲಾಗಿ ತ್ಯಾಜ್ಯ ನೀರಿನಿಂದ ತೆಗೆಯುವುದು ಕಷ್ಟವಾಗುತ್ತದೆ. ಮ್ಯಾಂಗನೀಸ್ ಕಪ್ಪು ಡೈಆಕ್ಸೈಡ್ ಆಗಿ ಗೋಡೆಗೆ ಕೂತು ಡ್ಯೂಪ್ಲೆಕ್ಸ್ ಉಕ್ಕಿನಲ್ಲಿ ಗುಂಡಿ ಸವೆತಕ್ಕೆ ದಾರಿಯಾಗುತ್ತದೆ. ಸುಣ್ಣಕಲ್ಲಿನ ಮೂಲ ಬದಲಾಗಿದ್ದರೆ ಅದರ ಮ್ಯಾಂಗನೀಸ್ ಅಂಶವನ್ನು ಕೇಳಿ ತಿಳಿಯಿರಿ. ಜಿಪ್ಸಂ ಹಲಗೆಗಳ ಕಾರ್ಖಾನೆಗೆ ಹೋಗುವುದಾದರೆ ಅಲ್ಲಿ ಕಾಯಿಸುವಾಗ ಪಾದರಸದ ಒಂದು ಪಾಲು ಆವಿಯಾಗಬಹುದು. ನಮ್ಮ ಚಿಮಣಿಯಿಂದ ತಪ್ಪಿಸಿದ್ದನ್ನು ಬೇರೆಯವರ ಚಿಮಣಿಗೆ ಕಳುಹಿಸುವುದು ನಿವಾರಣೆಯಾಗದು. ಜಿಪ್ಸಂ ತೊಳೆಯುವ ಹಂತ ಮತ್ತು ನುಣ್ಣನೆಯ ಕಣಗಳ ಬೇರ್ಪಡಿಕೆಗೆ ಅದಕ್ಕಾಗಿಯೇ ಗಮನ ಬೇಕು.

ಈಗ ರಾಸಾಯನಿಕದ ಮಾತು

ಮರುಬಿಡುಗಡೆ ಖಚಿತವಾಗಿ, ಗಾಳಿಯ ಹೊಂದಾಣಿಕೆಯಿಂದ ಅದು ಪೂರ್ತಿ ನಿಲ್ಲದಿದ್ದರೆ ರಾಸಾಯನಿಕಕ್ಕೆ ಜಾಗವಿದೆ. ಸಲ್ಫೈಡ್ ಪಾದರಸವನ್ನು ಹಿಡಿದರೆ ಹುಟ್ಟುವ ಮರ್ಕ್ಯುರಿಕ್ ಸಲ್ಫೈಡ್ ನೀರಿನಲ್ಲಿ ಕರಗದ ವಸ್ತುಗಳಲ್ಲೇ ಅಗ್ರಪಂಕ್ತಿಯದು. ಸೋಡಿಯಂ ಹೈಡ್ರೋಸಲ್ಫೈಡ್ ಅಗ್ಗ, ಆದರೆ ಸ್ಲರಿಯ ಆಮ್ಲೀಯ ಪಿಎಚ್‌ನಲ್ಲಿ ಅದು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತದೆ. ಇದು ಪ್ರಾಣಾಂತಿಕ ವಿಷ. ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಸೇರಿಸುವ ಜಾಗದಲ್ಲಿ, ತೊಟ್ಟಿಯ ಮೇಲ್ಭಾಗದಲ್ಲಿ, ಕೆಳಗಿನ ಗುಂಡಿಗಳಲ್ಲಿ ಅನಿಲ ಪತ್ತೆ ಸಾಧನ ಇಲ್ಲದೆ ಇದನ್ನು ಬಳಸಲು ನಾನು ಒಪ್ಪುವುದಿಲ್ಲ. ಟಿಎಂಟಿಯಂಥ ಸಾವಯವ ಗಂಧಕ ಸಂಯುಕ್ತಗಳು ಈ ದೃಷ್ಟಿಯಿಂದ ಸುರಕ್ಷಿತ, ಬೆಲೆ ಹೆಚ್ಚು. ಪುಡಿ ಮಾಡಿದ ಸಕ್ರಿಯ ಇಂಗಾಲವನ್ನೂ ಸ್ಲರಿಗೆ ಹಾಕಬಹುದು. ಅದು ಪಾದರಸವನ್ನು ಹೀರಿ ನುಣ್ಣನೆಯ ಕಣಗಳ ಜೊತೆ ಉಳಿಯುತ್ತದೆ, ಜಿಪ್ಸಂ ಬಣ್ಣ ಮಾತ್ರ ಮಂಕಾಗಬಹುದು.

ಯಾವುದೇ ಆಗಲಿ, ಓಆರ್‌ಪಿ 500ರ ಮೇಲಿರುವಾಗ ಹಾಕಿದರೆ ಗಂಧಕ ಸಂಯುಕ್ತಗಳು ಪಾದರಸವನ್ನು ಮುಟ್ಟುವ ಮೊದಲೇ ಉತ್ಕರ್ಷಣಗೊಂಡು ವ್ಯರ್ಥವಾಗುತ್ತವೆ. ನೀರಿನಲ್ಲಿರುವ ತಾಮ್ರದಂಥ ಇತರ ಲೋಹಗಳೂ ತಮ್ಮ ಪಾಲು ಕಸಿಯುತ್ತವೆ. ಅದಕ್ಕೆ ಮೊದಲು ಪ್ರಯೋಗಾಲಯದಲ್ಲಿ ನೋಡಿ. ತಾಜಾ ಸ್ಲರಿಯನ್ನು ಕೆಲವು ಫ್ಲಾಸ್ಕ್‌ಗಳಿಗೆ ಹಂಚಿ, 55 ಡಿಗ್ರಿಯಲ್ಲಿ ಇಟ್ಟು, ಬೇರೆ ಬೇರೆ ಪ್ರಮಾಣದ ರಾಸಾಯನಿಕ ಹಾಕಿ, ಒಂದರಲ್ಲಿ ಏನೂ ಹಾಕದೆ, ಎಲ್ಲದರ ಮೂಲಕ ನೈಟ್ರೋಜನ್ ಗುಳ್ಳೆಗಳನ್ನು ಹಾಯಿಸಿ ಹೊರಬರುವ ಅನಿಲದಲ್ಲಿ ಪಾದರಸ ಅಳೆಯಿರಿ. ಏನೂ ಹಾಕದ ಫ್ಲಾಸ್ಕ್‌ನಿಂದಲೇ ಪಾದರಸ ಏಳದಿದ್ದರೆ ನಿಮ್ಮ ದೋಷ ಬಹುಶಃ ಮರುಬಿಡುಗಡೆಯಲ್ಲ. ಒಳಹೋಗುವ ಅನಿಲದ ಅಳತೆಗೆ ಮರಳಿ ಹೋಗಿ. ಅತಿ ನುಣ್ಣನೆಯ ಮರ್ಕ್ಯುರಿಕ್ ಸಲ್ಫೈಡ್ ಕಣಗಳು ಸಾಮಾನ್ಯ ಫಿಲ್ಟರ್ ದಾಟಿಬಿಡಬಲ್ಲವು, ತ್ಯಾಜ್ಯ ನೀರಿನ ಅಂಕಿಯನ್ನೂ ಜೊತೆಗೇ ಗಮನಿಸುತ್ತಿರಿ.

ಸರಿಪಡಿಸಿದ ಮೇಲೆ ಒಂದೆರಡು ಗಂಟೆ ಅಂಕಿ ಇಳಿದದ್ದನ್ನು ನೋಡಿ ಕಡತ ಮುಚ್ಚಬಾರದು. ತೊಟ್ಟಿಯ ಘನಗಳು ಬದಲಾಗಲು ಹಲವು ಗಂಟೆ ಹಿಡಿಯುತ್ತದೆ, ನೀರಿನಲ್ಲಿ ಕೂಡಿದ್ದು ಕಡಿಮೆಯಾಗಲು ಇನ್ನೂ ಹೆಚ್ಚು. ಲೋಡ್ ಕನಿಷ್ಠ ಎರಡು ಮೂರು ಬಾರಿ ಇಳಿದು ಏರುವ ತನಕ ಓಆರ್‌ಪಿ, ಸೋಸಿದ ನೀರಿನ ಪಾದರಸ, ಒಳಗಿನ ಮತ್ತು ಹೊರಗಿನ ಧಾತುರೂಪ ಈ ನಾಲ್ಕನ್ನೂ ಪಾಳಿಗೊಮ್ಮೆ ಒಂದೇ ಹಾಳೆಯಲ್ಲಿ ಬರೆಯಿರಿ. ಲೋಡ್ ಏರುವ ಬೆಳಗ್ಗೆಯೂ ಹೊರಗಿನ ಧಾತುರೂಪ ಒಳಗಿನದನ್ನು ಮೀರದಿದ್ದರೆ, ಆಗ ರಾಸಾಯನಿಕದ ಪ್ರಮಾಣವನ್ನು ಹಂತ ಹಂತವಾಗಿ ಇಳಿಸಲು ಆರಂಭಿಸಿ.